ನಿಧಾನವೆಂಬ ನಿಧಿ

ಕನ್ನಡದಲ್ಲಿ ‘ನಿಧಾನ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಳೆಯ ಕಾವ್ಯಗಳ ಪರಿಚಯವಿದ್ದವರಿಗೆ ಅದು ನೆಲದೊಳಗೆ ಹುದುಗಿಸಿಟ್ಟ ನಿಕ್ಷೇಪ, ನಿಧಿ. ಇಂದಿನ ಆಡುನುಡಿಯಲ್ಲಿ ಅದು ಅವಸರವಿಲ್ಲದ ನಡೆ. ಒಂದು ಅರ್ಥದಿಂದ ಮತ್ತೊಂದು ಅರ್ಥಕ್ಕೆ ಈ ಶಬ್ದ ಸಾಗಿಬಂದ ದಾರಿಯನ್ನು ನಿಘಂಟುಕಾರರು ವಿಚಾರಿಸಲಿ. ಎರಡೂ ಒಂದೇ ಮನೆಯಲ್ಲಿ ವಾಸವಾಗಿರುವುದು ಮಾತ್ರ ಭಾಷೆಯ ಸೊಬಗು. ‘ಸಾವಕಾಶ’ವೂ ಅಂತಹುದೇ. ‘ಸ’ ಮತ್ತು ‘ಅವಕಾಶ’ ಕೂಡಿ ಸವರ್ಣದೀರ್ಘ ಸಂಧಿಯಿಂದಾದ ಪದವದು. ಅವಕಾಶದಿಂದ ಕೂಡಿದುದು ಎಂಬುದು ಅದರ ಮೂಲಾರ್ಥ. ಮೆಲ್ಲನೆ ನಡೆಯುವವನನ್ನು ನಮ್ಮ ನುಡಿ ಜರೆಯಲಿಲ್ಲ; ಅವನಲ್ಲಿ ಅವಕಾಶವಿದೆ, ನಿಧಿಯಿದೆ ಎಂದು ಹೇಳಿತು.

ಆದರೆ ಲೋಕ ಇಂದು ಹಾಗೆ ಹೇಳುತ್ತಿಲ್ಲ. ತರಗತಿಯಲ್ಲಿ ಥಟ್ಟನೆ ಕೈಯೆತ್ತುವವನೇ ಜಾಣ. ಪರೀಕ್ಷೆಯಲ್ಲಿ ಗಡಿಯಾರವನ್ನು ಸೋಲಿಸುವವನೇ ಪ್ರತಿಭಾವಂತ. ಅರೆಕ್ಷಣ ತಡೆದು ಯೋಚಿಸುವ ಹುಡುಗನಿಗೆ ‘ಮಂದ’ನೆಂಬ ಹೆಸರು ತಪ್ಪಿದ್ದಲ್ಲ, ಒಮ್ಮೆ ಅಂಟಿದ ಆ ಹೆಸರು ಎಷ್ಟೋ ಮಕ್ಕಳ ಜೀವನದಲ್ಲಿ ಕೊನೆಯವರೆಗೂ ಕಳಚುವುದಿಲ್ಲ. ಇಂತಹ ದಿನಗಳಲ್ಲಿ ನಿಧಾನದ ಪರವಾಗಿ ಒಂದು ಸಾಕ್ಷ್ಯ ದೊರೆತಿದೆ. ಅದು ದೊರೆತಿರುವುದು ಶಾಸ್ತ್ರಗ್ರಂಥದಿಂದಲ್ಲ, ಹಿರಿಯರ ಹಿತವಚನದಿಂದಲೂ ಅಲ್ಲ. ಅವಸರದ ತವರುಮನೆಯೆಂದು ಎಲ್ಲರೂ ಭಾವಿಸಿರುವ ಕಂಪ್ಯೂಟರ್ ಆಟದಿಂದ, ಅದರಲ್ಲಿಯೂ ಗುಂಡು ಹಾರಿಸುವ ಆಟವೊಂದರಿಂದ! ಸಹೃದಯ ವಾಚಕರು ಹುಬ್ಬೇರಿಸುವ ಮೊದಲು ಆ ಆಟದ ಸ್ವರೂಪವನ್ನಿಷ್ಟು ಅರಿಯುವುದು ಉಚಿತ.

ಪರದೆಯ ಮೇಲಿನ ಕಾಳಗದಾಟ ಹೊಸದೇನೂ ಅಲ್ಲ. ೧೯೬೨ರಷ್ಟು ಹಿಂದೆಯೇ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತರುಣರು, ಎರಡು ಆಕಾಶನೌಕೆಗಳು ಒಂದನ್ನೊಂದು ಹೊಡೆದುರುಳಿಸುವ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದ್ದರು. ೧೯೯೨ರ ‘ವುಲ್ಫೆನ್‌ಸ್ಟೈನ್’, ೧೯೯೩ರ ‘ಡೂಮ್’ ಎಂಬ ಆಟಗಳು ಬಂದ ಮೇಲೆ ಈ ಪರಂಪರೆಗೆ ಹೊಸದೊಂದು ದೃಷ್ಟಿ ಬಂದಿತು. ಅಲ್ಲಿ ಆಟಗಾರನು ಯೋಧನನ್ನು ದೂರದಿಂದ ನೋಡುವುದಿಲ್ಲ. ಯೋಧನ ಕಣ್ಣಿನಿಂದಲೇ ಲೋಕವನ್ನು ನೋಡುತ್ತಾನೆ. ಅವನಿಗೆ ಕಾಣುವುದು ತನ್ನ ಕೈ, ಕೈಯಲ್ಲಿಯ ಆಯುಧ, ಎದುರಿಗಿರುವ ವೈರಿ. ತನ್ನ ಮುಖ ಕಾಣದು. ವ್ಯಾಕರಣದಲ್ಲಿ ‘ನಾನು’ ಎಂಬುದನ್ನು ಉತ್ತಮಪುರುಷವೆನ್ನುತ್ತಾರಷ್ಟೆ. ಆ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಉತ್ತಮಪುರುಷದ ಆಟಗಳು. ಈ ಆಟಗಳಿಗೆಲ್ಲ ವೇಗವೇ ಪ್ರಾಣ. ಕಣ್ಣು ಕಂಡೊಡನೆ ಬೆರಳು ಒತ್ತಬೇಕು. ನಡುವೆ ಬುದ್ಧಿ ಬಂದು ನಿಂತರೆ ಆಟ ಮುಗಿದಂತೆ.

ವೇಗದ ಈ ರಾಜ್ಯದಲ್ಲಿಯೂ ಕಾಲವನ್ನು ಹಿಡಿದು ನಿಲ್ಲಿಸುವ ಹಂಬಲ ಕ್ರಮೇಣ ತಲೆದೋರಿತು. ೧೯೯೯ರಲ್ಲಿ ತೆರೆಕಂಡ ‘ದಿ ಮೇಟ್ರಿಕ್ಸ್’ ಎಂಬ ಚಲಚ್ಚಿತ್ರದಲ್ಲಿ, ಹಾರಿಬರುತ್ತಿರುವ ಗುಂಡು ಕಣ್ಣಿಗೆ ಕಾಣುವಷ್ಟು ಮೆಲ್ಲನೆ ಸಾಗುವ ದೃಶ್ಯವನ್ನು ಕಂಡು ಜಗತ್ತು ಬೆರಗಾಯಿತು. ೨೦೦೧ರಲ್ಲಿ ಫಿನ್‌ಲೆಂಡಿನ ತಯಾರಕರು ‘ಮ್ಯಾಕ್ಸ್ ಪೇನ್’ ಎಂಬ ಆಟದಲ್ಲಿ ಆ ಚಮತ್ಕಾರವನ್ನು ಆಟಗಾರನ ಕೈಗೇ ಕೊಟ್ಟರು. ೨೦೦೭ರ ‘ಟೈಮ್‌ಶಿಫ್ಟ್’ ಎಂಬ ಆಟದಲ್ಲಿ ಕಾಲವನ್ನು ಮಂದಗೊಳಿಸಬಹುದು, ಸ್ತಂಭನಗೊಳಿಸಬಹುದು, ಹಿಂದಕ್ಕೂ ತಿರುಗಿಸಬಹುದು. ೨೦೧೦ರ ‘ಸಿಂಗ್ಯುಲ್ಯಾರಿಟಿ’ಯಲ್ಲಿ ಮುಂಗೈಗೆ ತೊಡುವ ಸಾಧನವೊಂದರಿಂದ, ಮುರಿದುಬಿದ್ದ ವಸ್ತುವಿಗೆ ಅದರ ಯೌವನವನ್ನೂ ಗಟ್ಟಿಯಾದ ವಸ್ತುವಿಗೆ ಮುಪ್ಪನ್ನೂ ತರಬಹುದು. ಇವೆಲ್ಲವೂ ರಂಜಕವಾದುವೇ. ಆದರೆ ಇವುಗಳಲ್ಲಿ ಕಾಲವು ಬತ್ತಳಿಕೆಯಲ್ಲಿಯ ಮತ್ತೊಂದು ಬಾಣ ಮಾತ್ರ. ಬೇಕಾದಾಗ ಹೂಡುವುದು, ತೀರಿದಾಗ ಬಿಡುವುದು. ಆಟದ ಮೂಲಧರ್ಮವಾದ ವೇಗವು ಹಾಗೆಯೇ ಉಳಿಯಿತು.

ಆ ಮೂಲಧರ್ಮವನ್ನೇ ತಿರುಗುಮುರುಗು ಮಾಡಿದ ಆಟದ ಹೆಸರು ‘ಸೂಪರ್‌ಹಾಟ್’. ಅದು ಹುಟ್ಟಿದ್ದು ಪೋಲೆಂಡ್ ದೇಶದಲ್ಲಿ. ಭೂಪಟದಲ್ಲಿ ಲೋಡ್ಜ್ ಎಂದು ಓದಿಕೊಳ್ಳಬಹುದಾದರೂ ಅಲ್ಲಿಯವರ ಬಾಯಲ್ಲಿ ‘ವುಚ್’ ಎನಿಸಿಕೊಳ್ಳುವ ನಗರ ಅದರ ತಯಾರಕರ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಜವಳಿ ಗಿರಣಿಗಳಿಂದ ಬೆಳೆದ ಊರದು. ಗಿರಣಿಯೂರುಗಳಲ್ಲಿ ಕಾಲವು ಮನುಷ್ಯನಿಗಾಗಿ ಕಾಯುವುದುಂಟೆ? ಭೋಂಗಾ ಕೂಗಿದರೆ ಮನುಷ್ಯನೇ ಓಡಬೇಕು. ಅಂತಹ ಊರಿನಿಂದ, ಮನುಷ್ಯನಿಗಾಗಿ ಕಾಲವೇ ಕಾಯುವ ಆಟವೊಂದು ಹೊರಬಂದುದು ವಿಧಿಯ ವಿನೋದ. ೨೦೧೩ರಲ್ಲಿ, ಏಳು ದಿನಗಳಲ್ಲಿ ಉತ್ತಮಪುರುಷದ ಕಾಳಗದಾಟವೊಂದನ್ನು ರಚಿಸಬೇಕೆಂಬ ಪಂಥವೊಂದು ಆಟರಚನೆಗಾರರ ನಡುವೆ ಏರ್ಪಟ್ಟಿತ್ತು. ಪಿಯೋತ್ರ್ ಇವಾನಿಟ್ಸ್ಕಿ ಎಂಬವರೂ ಅವರ ಸಂಗಡಿಗರೂ ಅದಕ್ಕಾಗಿ ಸಿದ್ಧಪಡಿಸಿದ ಪುಟ್ಟ ಮಾದರಿಯು ಜನಮನವನ್ನು ಸೆಳೆಯಿತು. ೨೦೧೪ರಲ್ಲಿ ಅವರು ಸಾರ್ವಜನಿಕರಿಂದ ಒಂದು ಲಕ್ಷ ಡಾಲರುಗಳ ನೆರವನ್ನು ಬೇಡಿದಾಗ ಎರಡೂವರೆ ಲಕ್ಷ ಡಾಲರುಗಳಷ್ಟು ಹರಿದುಬಂದಿತು. ಪೂರ್ಣರೂಪದ ಆಟವು ೨೦೧೬ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಏಳು ದಿನಗಳ ಬೀಜ ಫಲವಾಗಲು ಎರಡು ವರ್ಷಗಳಿಗೂ ಮಿಕ್ಕಿ ಹಿಡಿಯಿತೆಂಬುದು ನಿಧಾನದ ಪ್ರಶಂಸೆಯಲ್ಲಿ ಮರೆಯತಕ್ಕ ಸಂಗತಿಯಲ್ಲ.

ಆಟದ ನಿಯಮ ಒಂದೇ ಸೂತ್ರದಲ್ಲಿ ಅಡಗಿದೆ: ಆಟಗಾರನು ಚಲಿಸಿದರೆ ಕಾಲ ಚಲಿಸುತ್ತದೆ, ಅವನು ನಿಂತರೆ ಕಾಲವೂ ಬಹುಮಟ್ಟಿಗೆ ನಿಲ್ಲುತ್ತದೆ. ಕನ್ನಡದಲ್ಲಿ ಇದನ್ನು ಶ್ಲೇಷೆಯಿಂದಲೇ ಹೇಳಿಬಿಡಬಹುದು: ಕಾಲು ಕದಲಿದರೆ ಕಾಲ ಕದಲೀತು! ಬಿಳಿಯ ಗೋಡೆಗಳ ಕೋಣೆ. ಗಾಜಿನಿಂದ ಕಡೆದಂತಿರುವ, ಮುಖವಿಲ್ಲದ ಕೆಂಪು ಆಕೃತಿಗಳು. ಕೈಗೆತ್ತಿಕೊಳ್ಳಬಹುದಾದ ಕಪ್ಪು ವಸ್ತುಗಳು. ಬಿಳಿದು, ಕೆಂಪು, ಕಪ್ಪು ಇವು ಮೂರೇ ಬಣ್ಣಗಳಲ್ಲಿ ಒಂದು ಲೋಕ ಸಿದ್ಧವಾಗಿದೆ. ವೈರಿಯು ಹಾರಿಸಿದ ಗುಂಡು ಕೆಂಪು ಗೆರೆಯೊಂದನ್ನು ಎಳೆಯುತ್ತ ಗಾಳಿಯಲ್ಲಿ ತೂಗಿನಿಂತಿರುತ್ತದೆ. ಆಟಗಾರನು ಕದಲದೆ ನಿಂತು ಸುತ್ತಲೂ ಕಣ್ಣಾಡಿಸಬಹುದು: ಯಾರು ಎಲ್ಲಿದ್ದಾರೆ, ಗುಂಡು ಯಾವ ದಿಕ್ಕಿನಿಂದ ಬರುತ್ತಿದೆ, ಮೇಜಿನ ಮೇಲಿರುವ ಸೀಸೆ ಕೈಗೆಟುಕೀತೆ? ಸೀಸೆಯನ್ನೆಸೆದರೆ ವೈರಿಯ ಕೈಯ ಪಿಸ್ತೂಲು ಚಿಮ್ಮಿ ಗಾಳಿಗೇರುತ್ತದೆ. ಅದನ್ನು ನಡುವೆಯೇ ಹಿಡಿದುಕೊಳ್ಳಬಹುದು. ಆದರೆ ಆ ಪಿಸ್ತೂಲಿನಲ್ಲಿರುವ ಗುಂಡುಗಳು ಕೆಲವೇ. ಆಟಗಾರನಿಗೆ ಒಂದು ಗುಂಡು ತಗುಲಿದರೆ ಸಾಕು, ಎಲ್ಲವೂ ಮೊದಲಿನಿಂದ. ಕಾಲವು ಪೂರ್ಣವಾಗಿ ಸ್ತಬ್ಧವಾಗುವುದಿಲ್ಲವೆಂಬುದನ್ನೂ ಗಮನಿಸಬೇಕು. ಇರುವೆಯ ಹೆಜ್ಜೆಯಲ್ಲಿ ಅದು ಸಾಗುತ್ತಲೇ ಇರುತ್ತದೆ. ಯೋಚಿಸಲು ಅವಕಾಶವುಂಟು, ಮಲಗಲು ಇಲ್ಲ.

ಧಾರವಾಡದ ಕಡೆಯ ಮನೆಯೊಂದರಲ್ಲಿ ನಡೆದ ಸಂಭಾಷಣೆ ಇಲ್ಲಿ ಉಲ್ಲೇಖಾರ್ಹ. ಮೊಮ್ಮಗನು ಈ ಆಟದಲ್ಲಿ ತೊಡಗಿದ್ದಾನೆ. ನಿವೃತ್ತ ಉಪಾಧ್ಯಾಯರಾದ ಅಜ್ಜನವರು ಹಿಂದೆ ಬಂದು ನಿಂತಿದ್ದಾರೆ. ಪರದೆಯ ಮೇಲೆ ಏನೂ ಅಲುಗದುದನ್ನು ಕಂಡು ಅವರು, “ಯಾಕೋ ತಮ್ಮಾ, ಪೆಟ್ಟಿಗಿ ಕೆಟ್ಟು ನಿಂತತೇನು? ಮಂದಿ ಎಲ್ಲಾ ಕಲ್ಲಾಗಿ ನಿಂತಾರಲ್ಲ!” ಎಂದರು. ಹುಡುಗನು ಪರದೆಯಿಂದ ಕಣ್ಣು ತೆಗೆಯದೆ, “ಕೆಟ್ಟಿಲ್ಲಜ್ಜಾ, ನಾ ವಿಚಾರ ಮಾಡಾಕತ್ತೀನಿ. ನಾ ಹೆಜ್ಜಿ ಇಟ್ರ ಅವ್ರೂ ಇಡ್ತಾರ” ಎಂದನು. ಅಜ್ಜನವರು ಕನ್ನಡಕವನ್ನು ಸರಿಪಡಿಸಿಕೊಂಡು, “ಹಂಗಾದ್ರ ಹೊತ್ತು ನಿನ್ನ ಸಲುವಾಗಿ ಕಾಯ್ತತಿ ಅನ್ನು. ನಮ್ಮ ಸಲುವಾಗಿ ಎಂದೂ ಕಾಯ್ಲಿಲ್ಲ ನೋಡಪಾ ಅದು” ಎಂದು ನಕ್ಕು, ಅಲ್ಲಿಯೇ ಕುರ್ಚಿಯನ್ನೆಳೆದುಕೊಂಡು ಕುಳಿತರು. ತರಗತಿಯಲ್ಲಿ ಈ ಹುಡುಗನು ಉತ್ತರ ಹೇಳಲು ತಡಮಾಡುತ್ತಾನೆಂಬ ದೂರು ಆ ಮನೆಗೆ ಹಲವು ಸಲ ಬಂದಿತ್ತು. ವಿಚಾರ ಮಾಡುವವನನ್ನು ಹೊರಗಿನಿಂದ ಕಂಡರೆ ಕೆಟ್ಟುನಿಂತ ಯಂತ್ರದಂತೆಯೇ ತೋರುತ್ತಾನೆಂಬ ಸತ್ಯ ಅಜ್ಜನವರಿಗೆ ಅಂದು ಹೊಳೆದಿರಬೇಕು.

ನಿಜಕ್ಕೂ ಇದು ಕಾಳಗದ ವೇಷವನ್ನು ತೊಟ್ಟ ಚದುರಂಗ. ಚದುರಂಗದ ಮಣೆಯ ಮೇಲೆ ಆಡುವವನು ಕೈಯಿಡುವ ತನಕ ಕಾಯಿ ಕದಲದು. ಕದಲಿಸಿದ ಮೇಲೆ ಮರಳಿ ಇಡುವಂತಿಲ್ಲ. ಇಲ್ಲಿಯೂ ಹಾಗೆಯೇ. ಸೋಲುವುದು ಬೆರಳು ಮಂದವಾದುದರಿಂದಲ್ಲ, ಯೋಚನೆ ತಪ್ಪಿದುದರಿಂದ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಗೆ ಇದಕ್ಕಿಂತ ಪ್ರತ್ಯಕ್ಷವಾದ ವ್ಯಾಖ್ಯಾನವು ದೊರೆಯುವುದು ದುರ್ಲಭ.

ಆದರೆ ಆಟದ ನಿಜವಾದ ತಿರುಳಿರುವುದು ಗೆಲುವಿನ ಅನಂತರದಲ್ಲಿ. ಒಂದು ಘಟ್ಟವನ್ನು ದಾಟಿದೊಡನೆ, ಆಟಗಾರನು ನಡೆಸಿದುದೆಲ್ಲವನ್ನೂ ಯಂತ್ರವು ಸಹಜವೇಗದಲ್ಲಿ ಮತ್ತೊಮ್ಮೆ ತೋರಿಸುತ್ತದೆ. ನಿಮಿಷಗಟ್ಟಲೆ ನಿಂತು, ಅಳೆದು ಸುರಿದು, ಅಂಗುಲ ಅಂಗುಲವಾಗಿ ಸರಿದು ಮಾಡಿದ ಕಾರ್ಯವು ಕೆಲವೇ ಕ್ಷಣಗಳಲ್ಲಿ ಮಿಂಚಿನಂತೆ ಹರಿದುಹೋಗುತ್ತದೆ. ಸೀಸೆ ಹಾರಿತು, ಪಿಸ್ತೂಲು ಚಿಮ್ಮಿತು, ಕೈ ಅದನ್ನು ಹಿಡಿಯಿತು, ಗುಂಡು ಕಿವಿಯ ಬಳಿ ಸುಳಿದುಹೋಯಿತು! ಆ ದೃಶ್ಯವನ್ನು ಮಾತ್ರ ಕಂಡವನು ಈತನನ್ನು ಅಮಾನುಷ ವೇಗದ ವೀರನೆಂದು ಕೊಂಡಾಡಿಯಾನು. ವೇಗವೆಂದು ಅವನು ಕಂಡುದು ವೇಗವೇ ಅಲ್ಲ, ಒಂದರ ಪಕ್ಕದಲ್ಲೊಂದು ಪೋಣಿಸಿದ ನಿಧಾನಗಳ ಮಾಲೆ ಎಂಬುದನ್ನು ಬಲ್ಲವನು ಆಡಿದವನೊಬ್ಬನೇ. ಮಣಿಗಳ ನಡುವಣ ದಾರವು ನೋಡುವವರಿಗೆ ಕಾಣಲಿಲ್ಲ, ಅಷ್ಟೇ.

ಕನ್ನಡ ನಾಡಿನ ವಿದ್ವತ್ಪರಂಪರೆಗೆ ಈ ಮರ್ಮ ಅಪರಿಚಿತವಲ್ಲ. ಅಷ್ಟಾವಧಾನವನ್ನು ಕಂಡವರು ನೆನಪಿಸಿಕೊಳ್ಳಲಿ. ನಿಷೇಧಾಕ್ಷರಿ, ಸಮಸ್ಯೆ, ದತ್ತಪದಿ ಎಂದು ಪೃಚ್ಛಕರು ಒಬ್ಬೊಬ್ಬರಾಗಿ ಒಡ್ಡಿದ ಸವಾಲಿಗೆ ಅವಧಾನಿಯು ಒಂದೇ ಉಸಿರಿನಲ್ಲಿ ಪದ್ಯವನ್ನು ಹೇಳಿಬಿಡುವುದಿಲ್ಲ. ಒಂದು ಸುತ್ತಿಗೆ ಒಂದು ಪಾದ. ನಡುವೆ ಉಳಿದವರ ಸರದಿ, ಅಪ್ರಸ್ತುತ ಪ್ರಸಂಗದವರ ಕೀಟಲೆ. ಮತ್ತೆ ತಿರುಗಿ ಬಂದು ಇನ್ನೊಂದು ಪಾದ. ಕೊನೆಯಲ್ಲಿ ಧಾರಣೆಯ ಹೊತ್ತಿಗೆ, ಬಿಡಿಬಿಡಿಯಾಗಿ ಹುಟ್ಟಿದ ಪಾದಗಳೆಲ್ಲವನ್ನೂ ಕೂಡಿಸಿ ಅವಧಾನಿಯು ಪೂರ್ಣಪದ್ಯಗಳನ್ನು ಧಾರಾಕಾರವಾಗಿ ನುಡಿದಾಗ ಸಭೆ ಬೆರಗಾಗುತ್ತದೆ. ಆ ಧಾರೆಯ ಹಿಂದೆ ಸುತ್ತುಗಳ ಸಾವಕಾಶವಿದೆ. ಆ ಸುತ್ತುಗಳ ಹಿಂದೆ ಎಷ್ಟೋ ವರ್ಷಗಳ ಅಭ್ಯಾಸವಿದೆ. ಪೋಲೆಂಡಿನ ಆಟಕ್ಕೂ ನಮ್ಮ ಅವಧಾನಕಲೆಗೂ ಯಾವ ಸಂಬಂಧವೂ ಇಲ್ಲ. ಆದರೂ ಎರಡೂ ಸಾರುವುದು ಒಂದೇ ಮಾತನ್ನು: ಲೋಕಕ್ಕೆ ಕಾಣುವುದು ಧಾರಣೆ. ವಿದ್ಯೆ ಹುಟ್ಟುವುದು ತಡೆದು ನಿಂತ ಗಳಿಗೆಗಳಲ್ಲಿ.

ಇಷ್ಟರಿಂದ ಆಟವು ನಿರ್ದೋಷವೆಂದು ಮುದ್ರೆಯೊತ್ತಲಾಗದು. ವೈರಿಗಳು ಗಾಜಿನವರಾದರೂ, ಮುಖವಿಲ್ಲದವರಾದರೂ, ಆಟದ ಉದ್ದೇಶ ಅವರನ್ನು ಒಡೆಯುವುದೇ ತಾನೆ? ಕೊಲೆಯನ್ನು ಲೆಕ್ಕದ ಸಮಸ್ಯೆಯಂತೆ ಬಿಡಿಸುವ ಅಭ್ಯಾಸ ಎಳೆಯ ಮನಸ್ಸಿಗೆ ಹಿತವೆ ಎಂಬ ಹಿರಿಯರ ಪ್ರಶ್ನೆ ನ್ಯಾಯವಾದುದು. ವಿಶೇಷವೆಂದರೆ ಆಟವೇ ಈ ಶಂಕೆಯಲ್ಲಿ ಪಾಲ್ಗೊಂಡಿದೆ. ಅದರ ಕಥಾಭಾಗದಲ್ಲಿ ಯಂತ್ರವು ಆಟಗಾರನನ್ನು ಗದರಿಸಿ, ‘ಇದನ್ನು ಬಿಟ್ಟು ಹೊರಡು’ ಎಂಬರ್ಥದ ಎಚ್ಚರಿಕೆಯನ್ನು ಕೊಡುತ್ತದೆ. ಮರಳಿ ಬಂದವನಿಗೆ, ಕಾಲವನ್ನು ಆಳುತ್ತಿರುವೆನೆಂದು ಭ್ರಮಿಸಿದವನನ್ನು ಆಟವೇ ಆಳುತ್ತಿದೆಯೆಂಬುದನ್ನು ಮನಗಾಣಿಸುತ್ತದೆ. ೨೦೧೬ರ ಡಿಸೆಂಬರಿನಲ್ಲಿ, ಕಣ್ಣಿಗೆ ಯಂತ್ರವನ್ನು ಕಟ್ಟಿಕೊಂಡು ಇಡೀ ದೇಹದಿಂದ ಆಡುವ ರೂಪವೂ ಬಂದಿತು. ಅದರಲ್ಲಿ ಆಟಗಾರನು ತನಗೆ ತಾನೇ ಹಾನಿ ಮಾಡಿಕೊಳ್ಳುವಂತಹ ಕೆಲವು ದೃಶ್ಯಗಳಿದ್ದುವು. ೨೦೨೧ರ ಜುಲೈಯಲ್ಲಿ ತಯಾರಕರು ಅವುಗಳನ್ನು ಕಿತ್ತುಹಾಕಿದರು. ಕೆಲವು ಆಟಗಾರರು ಸಿಟ್ಟಾದರು. ಆದರೂ ತಯಾರಕರು ಹಿಂದೆಗೆಯಲಿಲ್ಲ. ಮಾಡಿದ ಕೃತಿಯನ್ನು ಐದು ವರ್ಷಗಳ ಅನಂತರವೂ ತಡೆದು ನಿಂತು ನೋಡಿ, ತಿದ್ದುವ ಈ ವಿವೇಕವೂ ನಿಧಾನದ ಒಂದು ಫಲವೇ ಸರಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದುದು. ಆಟದಲ್ಲಿ ನಿಂತವನಿಗಾಗಿ ಕಾಲ ನಿಲ್ಲುತ್ತದೆ; ಬಾಳಿನಲ್ಲಿ ನಿಲ್ಲುವುದೆ? ಮುಂಗಾರಿನ ಹದ ತಪ್ಪಿಸಿಕೊಂಡ ಒಕ್ಕಲಿಗನಿಗಾಗಿ ಮೋಡ ಕಾದಿರುವುದಿಲ್ಲ. ಸಂಸ್ಕೃತದಲ್ಲಿ ಯಮನಿಗೂ ‘ಕಾಲ’ನೆಂಬ ಹೆಸರಿದೆ, ಆತನು ಯಾರ ಹೆಜ್ಜೆಯನ್ನೂ ಎಣಿಸುತ್ತ ನಿಂತವನಲ್ಲ. ಆದುದರಿಂದ ಈ ಆಟವನ್ನು ಬಾಳಿನ ಪ್ರತಿಬಿಂಬವೆಂದು ತಿಳಿದರೆ ಅದು ಮರುಳು. ಈ ಮಿತಿಯನ್ನೂ ತಯಾರಕರು ಅರಿತಿದ್ದಂತೆ ತೋರುತ್ತದೆ. ೨೦೨೦ರ ಜುಲೈಯಲ್ಲಿ ಅವರು ‘ಮೈಂಡ್ ಕಂಟ್ರೋಲ್ ಡಿಲೀಟ್’ ಎಂಬ ಮುಂದಿನ ಆಟವನ್ನು ಹೊರತಂದರು. ಅದರ ಕೊನೆಯಲ್ಲಿ ಆಟಗಾರನು ಗಳಿಸಿದ ಶಕ್ತಿಗಳೆಲ್ಲವೂ ಒಂದೊಂದಾಗಿ ಕಳಚಿಹೋಗುತ್ತವೆ. ಅವನ್ನು ಮರಳಿ ಪಡೆಯಬೇಕಾದರೆ ಕಾಯಬೇಕು. ಆಟವು ಪ್ರಕಟವಾದಾಗ ಆ ಕಾಯುವಿಕೆಯ ಅವಧಿ ಎಂಟು ಗಂಟೆಗಳು! ಅವು ಆಟದ ಗಂಟೆಗಳಲ್ಲ, ಗೋಡೆಯ ಗಡಿಯಾರದ ಗಂಟೆಗಳು. ಎಷ್ಟು ಚಲಿಸಿದರೂ ಅವು ಬೇಗ ಸಾಗವು, ಎಷ್ಟು ನಿಂತರೂ ನಿಲ್ಲವು. ಜನರ ಗೊಣಗಾಟವೆದ್ದ ಮೇಲೆ ಅವಧಿಯನ್ನು ತಗ್ಗಿಸಲಾಯಿತು. ಆದರೆ ಹೇಳಬೇಕಾದ ಮಾತನ್ನು ಆಟವು ಅಷ್ಟರಲ್ಲಿ ಹೇಳಿ ಮುಗಿಸಿತ್ತು. ಕಾಲವನ್ನು ಕೈಗೊಂಬೆಯನ್ನಾಗಿ ಮಾಡಿಕೊಂಡವನು ಕಟ್ಟಕಡೆಗೆ ಕಾಲದ ಬಾಗಿಲಲ್ಲಿ ಕಾದು ಕುಳಿತುಕೊಳ್ಳಬೇಕಾಯಿತು.

ಹಾಗಾದರೆ ಈ ಆಟದಿಂದ ವಿದ್ಯಾಶಾಲೆಗಳು ಪಡೆಯುವುದೇನು? ಕಾಲವು ಯಾರಿಗಾಗಿಯೂ ನಿಲ್ಲದೆಂಬುದು ದಿಟ. ಆದರೆ ಮನುಷ್ಯನು ಮನುಷ್ಯನಿಗಾಗಿ ನಿಲ್ಲಬಲ್ಲನು. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು ೧೯೭೦ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಸರಾಸರಿ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆ ಮತ್ತೊಬ್ಬನಿಗೆ ಹೋಗುತ್ತಿತ್ತು, ಇಲ್ಲವೆ ಉಪಾಧ್ಯಾಯರೇ ಉತ್ತರಿಸಿಬಿಡುತ್ತಿದ್ದರು. ಆ ಕಾಯುವಿಕೆಯನ್ನು ಮೂರು ಸೆಕೆಂಡುಗಳಿಗೆ, ಅದಕ್ಕೂ ಮೇಲಕ್ಕೆ ಏರಿಸಿದಾಗ ಕಂಡ ಬದಲಾವಣೆ ಗಮನಾರ್ಹ: ಉತ್ತರಗಳು ದೀರ್ಘವಾದುವು, ಕಾರಣಸಹಿತವಾದುವು, ‘ಗೊತ್ತಿಲ್ಲ’ವೆಂಬ ಮಾತು ಕಡಿಮೆಯಾಯಿತು, ಅದುವರೆಗೆ ಬಾಯಿಬಿಡದಿದ್ದ, ಮಂದರೆನಿಸಿಕೊಂಡಿದ್ದ ಮಕ್ಕಳೂ ಮಾತನಾಡತೊಡಗಿದರು. ಮಕ್ಕಳು ಬದಲಾಗಿರಲಿಲ್ಲ, ಅವರಿಗೆ ದೊರೆತ ಅವಕಾಶ ಬದಲಾಗಿತ್ತು.

ಎರಡು ಸೆಕೆಂಡುಗಳ ಆ ಹೆಚ್ಚಳಕ್ಕೆ ಕಟ್ಟಡ ಬೇಡ, ಯಂತ್ರ ಬೇಡ, ದೇಣಿಗೆಯೂ ಬೇಡ. ಬೇಕಾದುದು ಉಪಾಧ್ಯಾಯರ ತಾಳ್ಮೆಯೊಂದೇ. ವಿದ್ಯಾಸಂಸ್ಥೆಗಳಿಗೆ ದಾನಿಗಳು ನೀಡಿದ ನೆಲ, ಕಟ್ಟಡ, ಗ್ರಂಥಭಂಡಾರಗಳ ಬೆಲೆಯನ್ನು ಲೆಕ್ಕದ ಪುಸ್ತಕಗಳು ಹೇಳಬಲ್ಲವು. ಆದರೆ ತಡವರಿಸುವ ಹುಡುಗನ ಮುಂದೆ, ಉತ್ತರ ಬರುವ ತನಕ ಗುರುವು ಸುಮ್ಮನೆ ನಿಂತಿರುವ ಆ ಮೂರು ಸೆಕೆಂಡುಗಳ ದಾನವು ಯಾವ ಲೆಕ್ಕಕ್ಕೂ ಸಿಕ್ಕದು. ತಮ್ಮ ಶಾಲೆಯ ದಿನಗಳನ್ನು ನೆನೆಯುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು, ತಮಗಾಗಿ ಹೀಗೆ ಕಾದ ಗುರುಗಳೊಬ್ಬರನ್ನು ಇಂದಿಗೂ ಹೆಸರು ಹಿಡಿದು ಸ್ಮರಿಸುತ್ತಾರೆ. ಅಂತಹ ಗುರುಗಳು ಪಾಠವನ್ನು ಬೇಗ ಮುಗಿಸಿದರೋ ತಡವಾಗಿ ಮುಗಿಸಿದರೋ ಯಾರಿಗೂ ನೆನಪಿರುವುದಿಲ್ಲ.

ದೂರದ ಪೋಲೆಂಡಿನ ಕೆಲವು ತರುಣರು ಗಾಜಿನ ಬೊಂಬೆಗಳ ಕಾಳಗದಲ್ಲಿ, ಆಟಗಾರನಿಗೆ ಯೋಚಿಸಲು ಬೇಕಾದಷ್ಟು ಬಿಡುವನ್ನು ಒದಗಿಸಿಕೊಟ್ಟರು. ಜೀವವಿಲ್ಲದ ಯಂತ್ರವು ನೀಡಬಲ್ಲ ಈ ಸಾವಕಾಶವನ್ನು ಜೀವವುಳ್ಳ ಗುರುಹಿರಿಯರು ತಮ್ಮ ಮಕ್ಕಳಿಗೆ ನೀಡಲಾರರೆ? ನಿಧಾನವೇ ನಿಧಿಯೆಂದು ಭಾಷೆ ಎಂದೋ ಹೇಳಿಟ್ಟಿದೆ. ಆ ನಿಧಿಯನ್ನು ಹೊತ್ತು ತರಗತಿಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುವ ಮಗುವು ಬಾಯ್ದೆರೆಯುವ ತನಕ ಕಾಯುವ ಸಹನೆ ಎಲ್ಲ ವಿದ್ಯಾಲಯಗಳಲ್ಲಿ ನೆಲೆಗೊಳ್ಳಲಿ.